ಬೇಸಿಗೆ ಬಾರದ ವರ್ಷ

ಜ್ವಾಲಾಮುಖಿ ಎಂದೊಡನೆ ಜನರ ಕಣ್ಣಮುಂದೆ ನಿಲ್ಲುವುದು ಬೆಂಕಿಯನ್ನು ಕಾರುವ ಬೆಟ್ಟ, ಇಳಿಜಾರಿನಲ್ಲಿ ಕೆಂಪಗೆ ಹರಿದು ಬರುವ ಲಾವಾರಸ, ಅದರ ಮುಂದೆ ದಿಕ್ಕೆಟ್ಟು ಓಡುವ ಜನ. ಲಾವಾರಸದ ಆರ್ಭಟವೆಲ್ಲ ಬೆಟ್ಟದ ತಪ್ಪಲಿಗೇ ಮುಗಿಯುತ್ತದೆ. ಅದು ಕೆಲವು ಊರುಗಳನ್ನು ಸುಟ್ಟು, ಅಲ್ಲಿಯೇ ತಣಿದು ಕಲ್ಲಾಗುತ್ತದೆ. ಕಡಲುಗಳನ್ನು ದಾಟಿ, ಜ್ವಾಲಾಮುಖಿಯ ಹೆಸರನ್ನೇ ಕೇಳದ ರೈತನ ಹೊಲವನ್ನು ಕೆಡಿಸುವ ಶಕ್ತಿಯಿರುವುದು ಅದರೊಡನೆ ಹೊರಬೀಳುವ ಅನಿಲಕ್ಕೆ. ಆ ಅನಿಲ ಕಣ್ಣಿಗೆ ಕಾಣುವುದಿಲ್ಲವಾದ್ದರಿಂದಲೇ ಅದರ ಕಥೆಯನ್ನು ಹೇಳುವವರು ಕಡಿಮೆ.

ಇಂಡೋನೇಷ್ಯದ ಸುಂಬಾವ ದ್ವೀಪದಲ್ಲಿ ತಂಬೋರಾ ಎಂಬ ಪರ್ವತವಿದೆ. 1815ನೆಯ ಇಸವಿಯ ಏಪ್ರಿಲ್ 5ರಂದು ಅದು ಭೀಕರವಾಗಿ ಗುಡುಗಿತು. ಆಗ ಜಾವಾ ದ್ವೀಪವು ಇಂಗ್ಲಿಷರ ಆಡಳಿತಕ್ಕೆ ಒಳಪಟ್ಟಿತ್ತು. ನೂರಾರು ಮೈಲಿಗಳಾಚೆ ಇದ್ದ ಅಧಿಕಾರಿಗಳು ಅದನ್ನು ಫಿರಂಗಿಯ ಸದ್ದೆಂದು ಭ್ರಮಿಸಿ ಸೈನಿಕರನ್ನು ಕಳುಹಿಸಿದರು. ಅಪಾಯದಲ್ಲಿ ಸಿಲುಕಿದ ಹಡಗನ್ನು ಹುಡುಕಲು ದೋಣಿಗಳೂ ಹೊರಟವು. ಐದು ದಿನಗಳ ತರುವಾಯ, 10ರ ಸಂಜೆ, ಪರ್ವತವೇ ಸಿಡಿಯಿತು. ನಾಲ್ಕು ಸಾವಿರ ಮೀಟರಿಗೂ ಮಿಗಿಲಾಗಿದ್ದ ಅದರ ಎತ್ತರ ಈಗ ಸುಮಾರು 2,850 ಮೀಟರ್ ಮಾತ್ರ. ಶಿಖರವಿದ್ದ ಸ್ಥಳದಲ್ಲಿ ಸುಮಾರು ಆರು ಕಿಲೋಮೀಟರ್ ಅಗಲದ ಕುಳಿಯೊಂದು ಬಾಯ್ದೆರೆದುಕೊಂಡಿದೆ.

ಬೆಟ್ಟದ ಬುಡದಲ್ಲಿದ್ದ ತಂಬೋರಾ ಎಂಬ ಪುಟ್ಟ ರಾಜ್ಯವು ಬೂದಿಯ ಅಡಿಯಲ್ಲಿ ಹೂತುಹೋಯಿತು. ಅಲ್ಲಿಯ ಜನ ಆಡುತ್ತಿದ್ದ ಭಾಷೆಯೂ ಅವರೊಡನೆಯೇ ಅಳಿಯಿತು. ಸ್ಫೋಟಕ್ಕೆ ಮೊದಲು ಯಾರೋ ಬರೆದುಕೊಂಡಿದ್ದ ಐವತ್ತಕ್ಕೂ ಕಡಿಮೆ ಶಬ್ದಗಳ ಒಂದು ಪಟ್ಟಿ ಮಾತ್ರ ಇಂದು ಉಳಿದಿದೆ. ರಾಜ್ಯಗಳು ಅಳಿದುದನ್ನು ಚರಿತ್ರೆ ಬೇಕಾದಷ್ಟು ಕಂಡಿದೆ. ಒಂದು ನುಡಿ ಹೀಗೆ ಹಠಾತ್ತನೆ ಮೌನವಾದುದು ಅಪರೂಪ. ಬದುಕಿ ಉಳಿದವರ ಗದ್ದೆಗಳ ಮೇಲೆ ಬೂದಿ ಹಾಸಿತ್ತು, ಕುಡಿಯುವ ನೀರು ಕೆಟ್ಟಿತ್ತು. ಸುಂಬಾವ ಮತ್ತು ನೆರೆಯ ಲೊಂಬೊಕ್ ದ್ವೀಪಗಳಲ್ಲಿ ಮಡಿದವರು ಹತ್ತಾರು ಸಾವಿರ. ಅವರಲ್ಲಿ ಬೆಂಕಿಗೆ ಬಲಿಯಾದವರಿಗಿಂತ ಹಸಿವಿಗೂ ರೋಗಕ್ಕೂ ಬಲಿಯಾದವರೇ ಹೆಚ್ಚು.

ಬೂದಿಯ ಬಹುಭಾಗ ಕೆಲವು ದಿನಗಳಲ್ಲಿ, ಹೆಚ್ಚೆಂದರೆ ಕೆಲವು ವಾರಗಳಲ್ಲಿ ನೆಲಕ್ಕೆ ಇಳಿಯಿತು. ಗಂಧಕದ ಡೈ ಆಕ್ಸೈಡ್ ಇಳಿಯಲಿಲ್ಲ. ಮೋಡ ಮಳೆಗಳ ವ್ಯವಹಾರವೆಲ್ಲ ವಾಯುಮಂಡಲದ ಕೆಳಪದರದಲ್ಲಿ ನಡೆಯುತ್ತದೆ. ಅಲ್ಲಿಯ ಕೊಳೆಯನ್ನು ಮಳೆಯೇ ತೊಳೆಯುತ್ತದೆ. ಆದರೆ ಮಹಾಸ್ಫೋಟದ ರಭಸವು ಅನಿಲವನ್ನು ಅದಕ್ಕೂ ಮೇಲಿನ ಸ್ತರಗೋಳಕ್ಕೆ ಎಸೆಯುತ್ತದೆ. ತೊಳೆಯುವ ಮಳೆ ಅಲ್ಲಿಲ್ಲ. ಅನಿಲವು ನೀರಾವಿಯೊಡನೆ ಕೂಡಿ ಗಂಧಕಾಮ್ಲದ ಅತಿಸೂಕ್ಷ್ಮ ಹನಿಗಳಾಗುತ್ತದೆ; ಗಾಳಿ ಆ ಹನಿಗಳನ್ನು ಭೂಮಿಯ ಸುತ್ತಲೂ ಹರಡುತ್ತದೆ. ಒಂದೆರಡು ವರ್ಷಗಳ ಕಾಲ ಅವು ತೆಳುವಾದ ಪರದೆಯಂತೆ ನಿಂತು, ಸೂರ್ಯನ ಬೆಳಕಿನ ಒಂದು ಪಾಲನ್ನು ಹೊರಕ್ಕೆ ಹಿಂದಿರುಗಿಸುತ್ತವೆ.

ಈ ಪರದೆಯ ಫಲವನ್ನು 1816ರಲ್ಲಿ ಲೋಕ ಉಂಡಿತು. ಅಮೆರಿಕದ ಈಶಾನ್ಯ ಪ್ರಾಂತಗಳಲ್ಲಿ ಜೂನ್ ತಿಂಗಳಿನಲ್ಲಿ ಹಿಮ ಬಿದ್ದಿತು. ಪಶ್ಚಿಮ ಯೂರೋಪಿನಲ್ಲಿ ಬೇಸಿಗೆಯುದ್ದಕ್ಕೂ ಜಡಿಮಳೆ ಸುರಿದು ಪೈರು ಕೊಳೆಯಿತು. ಸ್ವಿಟ್ಜರ್ಲೆಂಡಿನಲ್ಲಿ ಬರ, ಐರ್ಲೆಂಡಿನಲ್ಲಿ ಬರದ ಬೆನ್ನಿಗೇ ವಿಷಮಜ್ವರ, ಚೀನದ ಯುನ್ನಾನ್ ಪ್ರಾಂತದಲ್ಲಿ ಬತ್ತದ ಬೆಳೆಯ ನಾಶ. ಇಂಗ್ಲೆಂಡಿನಲ್ಲಿ ಹಸಿದ ಜನ ರೊಟ್ಟಿಗಾಗಿ ದೊಂಬಿಯೆದ್ದರು. ಚರಿತ್ರೆಯಲ್ಲಿ ಆ ವರ್ಷಕ್ಕೆ 'ಬೇಸಿಗೆ ಬಾರದ ವರ್ಷ' ಎಂಬ ಹೆಸರೇ ನಿಂತಿತು. ಕೆಲವರು ಸೂರ್ಯನ ಮೇಲಿನ ಕಲೆಗಳನ್ನು ದೂರಿದರು; ತಂಬೋರಾದ ಕಡೆಗೆ ಬೆರಳು ತೋರಿಸುವಷ್ಟು ತಿಳಿವಳಿಕೆ ಬರಲು ಇಪ್ಪತ್ತನೆಯ ಶತಮಾನದವರೆಗೆ ಕಾಯಬೇಕಾಯಿತು. ಎಲ್ಲ ಹೊಣೆಯನ್ನೂ ತಂಬೋರಾ ಒಂದರ ತಲೆಗೆ ಕಟ್ಟುವುದೂ ನ್ಯಾಯವಲ್ಲ. 1809ರ ಸುಮಾರಿಗೆ ಬೇರೊಂದು ದೊಡ್ಡ ಜ್ವಾಲಾಮುಖಿ ಸಿಡಿದುದಕ್ಕೆ ಧ್ರುವಪ್ರದೇಶಗಳ ಹಿಮದ ಪದರಗಳಲ್ಲಿ ಸಾಕ್ಷ್ಯವಿದೆ. ಆಗಲೇ ತಣ್ಣಗಾಗಿದ್ದ ಭೂಮಿಯ ಮೇಲೆ ಎರಡನೆಯ ಪೆಟ್ಟು ಬಿದ್ದಿತ್ತು.

ತಂಬೋರಾದ ವಿಷಯದಲ್ಲಿ ಊಹಿಸಬೇಕಾದುದನ್ನು ಪಿನಟೂಬೊ ವಿಷಯದಲ್ಲಿ ಅಳೆಯಲು ಸಾಧ್ಯವಾಯಿತು. ಫಿಲಿಪ್ಪೀನ್ಸ್ ದೇಶದ ಈ ಪರ್ವತ 1991ರ ಜೂನ್ 15ರಂದು ಸ್ಫೋಟಿಸಿತು. ವಿಜ್ಞಾನಿಗಳ ಮುನ್ಸೂಚನೆಯಿಂದ ಸಾವಿರಾರು ಜನ ಮೊದಲೇ ಸ್ಥಳ ಬಿಟ್ಟು ಪಾರಾದರು. ಸುಮಾರು ಒಂದೂವರೆ ಕೋಟಿ ಟನ್ನಿಗೂ ಹೆಚ್ಚು ಗಂಧಕದ ಡೈ ಆಕ್ಸೈಡ್ ಮೇಲೇರಿದುದನ್ನು ಕೃತಕ ಉಪಗ್ರಹಗಳು ಗುರುತಿಸಿದವು. ಮರುವರ್ಷ ಭೂಮಿಯ ಸರಾಸರಿ ಉಷ್ಣತೆ ಸುಮಾರು ಅರ್ಧ ಡಿಗ್ರಿ ಸೆಲ್ಸಿಯಸ್ ಇಳಿಯಿತು.

ಈ ಅರ್ಧ ಡಿಗ್ರಿಯೇ ಈಗ ಕೆಲವರಿಗೆ ಆಸೆ ಹುಟ್ಟಿಸಿದೆ. ಕಲ್ಲಿದ್ದಲು, ಪೆಟ್ರೋಲಿಯಂಗಳ ಹೊಗೆಯಿಂದ ಬಿಸಿಯೇರುತ್ತಿರುವ ಭೂಮಿಯನ್ನು ತಣಿಸಲು, ವಿಮಾನಗಳ ಮೂಲಕ ಸ್ತರಗೋಳಕ್ಕೆ ಗಂಧಕವನ್ನು ಚಿಮುಕಿಸಿ ಕೃತಕ ಜ್ವಾಲಾಮುಖಿಯನ್ನು ಸೃಷ್ಟಿಸಬಹುದೆಂದು ಅವರ ವಾದ. ಉಪಾಯ ಅಗ್ಗವಾದುದೆಂಬುದೇ ಅದರ ದೊಡ್ಡ ಆಕರ್ಷಣೆ. ಆದರೆ ಪಿನಟೂಬೊ ಕಲಿಸಿದ ಪಾಠದ ಅರ್ಧವನ್ನು ಮಾತ್ರ ಅವರು ಓದಿದಂತಿದೆ. ಉಷ್ಣತೆ ಇಳಿದ ಅದೇ ಅವಧಿಯಲ್ಲಿ ಭೂಭಾಗದ ಮೇಲೆ ಮಳೆಯೂ ಕಡಿಮೆಯಾಯಿತು, ನದಿಗಳ ಹರಿವೂ ತಗ್ಗಿತು; ಓಜೋನ್ ಪದರ ಮತ್ತಷ್ಟು ತೆಳುವಾಯಿತು. ಕಾರಣ ಸರಳವಾದುದು: ಬಿಸಿಲು ಕುಂದಿದರೆ ಕಡಲಿನಿಂದ ಆವಿ ಏಳುವುದೂ ಕುಂದುತ್ತದೆ. ತಂಪು ದೇಶಗಳಿಗೆ ಇದು ಸಹಿಸಬಹುದಾದ ನಷ್ಟವಿರಬಹುದು. ಮುಂಗಾರನ್ನು ನಂಬಿ ಬಿತ್ತುವ ಭಾರತದಂಥ ದೇಶಕ್ಕೆ ಅದು ಅನ್ನದ ಪ್ರಶ್ನೆ. ಪರದೆಯ ದಾರವನ್ನು ಹಿಡಿಯುವವರು ಒಂದೆಡೆ, ಮಳೆಗಾಗಿ ಮುಗಿಲು ನೋಡುವವರು ಇನ್ನೊಂದೆಡೆ ಎಂಬ ಏರ್ಪಾಡು ನ್ಯಾಯವೆನಿಸದು.

ಇನ್ನು ಕೆಲವರು, ಜ್ವಾಲಾಮುಖಿಗಳೇ ಇಂಗಾಲದ ಡೈ ಆಕ್ಸೈಡನ್ನು ಕಾರುತ್ತಿರುವಾಗ ಮನುಷ್ಯನನ್ನು ದೂರುವುದೇಕೆ ಎನ್ನುತ್ತಾರೆ. ಲೆಕ್ಕ ಅವರ ಕಡೆಗಿಲ್ಲ: ಭೂಮಿಯ ಎಲ್ಲ ಜ್ವಾಲಾಮುಖಿಗಳೂ ಒಂದು ವರ್ಷದಲ್ಲಿ ಬಿಡುವ ಆ ಅನಿಲವು ಮನುಷ್ಯನು ಬಿಡುವುದರ ನೂರರಲ್ಲಿ ಒಂದು ಪಾಲಿನಷ್ಟೂ ಆಗಲಾರದು.

ಕೃತಕ ಪರದೆಯಿಂದ ಈ ಇಂಗಾಲ ಕಿಂಚಿತ್ತೂ ಕರಗುವುದಿಲ್ಲ. ಅದನ್ನು ಹೀರುವ ಕಡಲಿನ ನೀರು ಆಮ್ಲೀಯವಾಗುತ್ತಲೇ ಹೋಗುತ್ತದೆ. ಗಂಧಕದ ಹನಿಗಳ ಆಯುಸ್ಸು ಒಂದೆರಡು ವರ್ಷವಾದ್ದರಿಂದ, ಒಮ್ಮೆ ತೊಡಗಿದ ಚಿಮುಕಿಸುವಿಕೆಯನ್ನು ತಲೆಮಾರುಗಳವರೆಗೆ ನಡೆಸುತ್ತಲೇ ಇರಬೇಕು. ಯುದ್ಧದಿಂದಲೋ ಹಣದ ಅಭಾವದಿಂದಲೋ ನಡುವೆ ಅದು ನಿಂತುಹೋದರೆ, ಪರದೆ ಕಳಚಿಬಿದ್ದು, ಅಷ್ಟು ವರ್ಷ ತಡೆದಿಟ್ಟ ತಾಪವೆಲ್ಲ ಕೆಲವೇ ವರ್ಷಗಳಲ್ಲಿ ಭೂಮಿಯ ಮೇಲೆ ಎರಗುತ್ತದೆ.