ಕುಮಟೆಯ ನೆಟ್ಟಿಗೆ ಬೈಯುವ ಮುನ್ನ...

ನಮ್ಮ ಸಾಫ್ಟ್‌ವೇರ್ ಮಂದಿಯ ಬಾಯಲ್ಲಿ ಅತೀ ಹೆಚ್ಚು ಸವೆದುಹೋದ ಶಬ್ದ ಯಾವುದು ಗೊತ್ತೆ? "ಸ್ಲೋ". ಕ್ವೆರಿ ಸ್ಲೋ, ಸರ್ವರು ಸ್ಲೋ, ನೆಟ್ಟು ಸ್ಲೋ... ಒಂಥರಾ ಜ್ವರ ಅಂದ ಹಾಗೆ. ಜ್ವರ ಅನ್ನೋದು ರೋಗದ ಹೆಸರಲ್ಲ, ಬರೀ ಲಕ್ಷಣ ಅಂತ ಹಳ್ಳಿಯ ಕಂಪೌಂಡರಿಗೂ ಗೊತ್ತಿರುತ್ತೆ. ನಮ್ಮ ಎಸಿ ಮೀಟಿಂಗ್ ರೂಮುಗಳಲ್ಲಿ ಮಾತ್ರ "ಸ್ಲೋ" ಅಂದ ಕೂಡಲೇ ಮಾತ್ರೆ ಬರೆದುಬಿಡುತ್ತಾರೆ. ಮಾತ್ರೆಗಳೂ ಎರಡೇ. ಒಂದು, ಇನ್ನೂ ದೊಡ್ಡ ಯಂತ್ರ ತಗೊಳ್ಳಿ. ಎರಡು, ಊರಲ್ಲಿ ಕೂತು ಕೆಲಸ ಮಾಡುವವರನ್ನು ಬೆಂಗಳೂರಿಗೆ ಕರೆಸಿ.

ಈ ಎರಡನೇ ಮಾತ್ರೆ ನುಂಗಿದವರು ನಮ್ಮ ಕಡೆ ಇದ್ದಾರೆ. ಅದಕ್ಕೇ ಈ ಬರಹ. ಸ್ವಲ್ಪ ಟೆಕ್ನಿಕಲ್ ಆಗುತ್ತೆ, ಸಹಿಸಿಕೊಳ್ಳಿ :-)

2020ರ ಲಾಕ್‌ಡೌನಿನಲ್ಲಿ ಭಟ್ಕಳ, ಹೊನ್ನಾವರ, ಕುಮಟಾ ಕಡೆಯ ಐಟಿ ಹುಡುಗ ಹುಡುಗಿಯರು ಗಂಟುಮೂಟೆ ಕಟ್ಟಿಕೊಂಡು ಊರಿಗೆ ಬಂದರಷ್ಟೆ. ಕೆಲವರು ಇಲ್ಲೇ ಉಳಿದೆವು. ನಾನು ಕುಮಟೆಯಲ್ಲಿ, ನನ್ನ ಟೀಮಿನ ಹುಡುಗಿಯೊಬ್ಬಳು ಹೊನ್ನಾವರದಲ್ಲಿ. ಅವಳದ್ದು ಪ್ರತೀ ಸೋಮವಾರ ಬೆಳಿಗ್ಗೆ ಮೀಟಿಂಗಿಗೆ ರಿಪೋರ್ಟು ಕೊಡುವ ಕೆಲಸ. ಮಧ್ಯಾಹ್ನ ಓಡಿಸಿದರೆ ಒಂದು ನಿಮಿಷದೊಳಗೆ ಮುಗಿಯುವ ಕ್ವೆರಿ, ಸೋಮವಾರ ಒಂಬತ್ತೂವರೆಗೆ ಏಳೆಂಟು ನಿಮಿಷ ತಿನ್ನುತ್ತಿತ್ತು. ಅಂಥ ಹತ್ತು ಕ್ವೆರಿ ಸೇರಿದರೆ ಮೀಟಿಂಗು ಮುಗಿದಿರುತ್ತಿತ್ತು. ಮೇಲಿನವರು ಮೂರು ವಾರ ನೋಡಿದರು. ನಾಲ್ಕನೇ ವಾರ ತೀರ್ಪು ಬಂತು: "ಅಲ್ಲಿ ನೆಟ್ ಸರಿ ಇಲ್ಲಮ್ಮ, ಮಳೆ ಬಂದ್ರೆ ಕರೆಂಟೂ ಇರಲ್ಲ. ಬೆಂಗಳೂರಿಗೇ ಬಂದ್ಬಿಡಿ." ಮನೆಯಲ್ಲಿ ಕಾಯಿಲೆಯ ಅಮ್ಮನನ್ನು ನೋಡಿಕೊಳ್ಳಲು ಅವಳೊಬ್ಬಳೇ ಇರೋದು ಅನ್ನೋದು ಯಾವ ಡ್ಯಾಶ್‌ಬೋರ್ಡಿನಲ್ಲೂ ಕಾಣಲಿಲ್ಲ.

ಇಲ್ಲಿ ನನ್ನ ಮೊದಲ ತಕರಾರು. ಕ್ವೆರಿ ಓಡುವುದು ಹೊನ್ನಾವರದ ಲ್ಯಾಪ್‌ಟಾಪಿನಲ್ಲಿ ಅಲ್ಲ ಮಾರಾಯ್ರೆ! ಇಲ್ಲಿಂದ ಹೋಗುವುದು ನಾಲ್ಕು ಸಾಲು ಎಸ್‌ಕ್ಯೂಎಲ್, ಒಂದು ವಾಟ್ಸಾಪ್ ಮೆಸೇಜಿನಷ್ಟು ಅಕ್ಷರ. ಗೋದಾಮು, ಯಂತ್ರ, ಲೆಕ್ಕಾಚಾರ ಎಲ್ಲ ಇರುವುದು ಕ್ಲೌಡಿನಲ್ಲಿ. ಮತ್ತು ಆ ಯಂತ್ರ ತನ್ನ ಡೈರಿ ತಾನೇ ಬರೆದಿಡುತ್ತದೆ. ಸ್ನೋಫ್ಲೇಕ್‌ನಲ್ಲಿ ಅದರ ಹೆಸರು ಕ್ವೆರಿ ಹಿಸ್ಟರಿ. ಅದರಲ್ಲಿ ಕ್ಯೂಡ್ ಓವರ್‌ಲೋಡ್ ಟೈಮ್ ಅಂತ ಒಂದು ಕಾಲಮ್ಮು, ಎಕ್ಸಿಕ್ಯೂಶನ್ ಟೈಮ್ ಅಂತ ಇನ್ನೊಂದು. ಕಾದದ್ದೆಷ್ಟು, ದುಡಿದದ್ದೆಷ್ಟು, ಮಿಲಿಸೆಕೆಂಡ್ ಲೆಕ್ಕದಲ್ಲಿ. ಅಮೆಜಾನಿನ ರೆಡ್‌ಶಿಫ್ಟ್‌ನಲ್ಲೂ ಹೀಗೇ ಎರಡು ಬೇರೆ ಬೇರೆ ಕಾಲಮ್ಮು. ನೆಟ್ಟು ಕೆಟ್ಟಿದ್ದರೆ ಉತ್ತರ ನಿಮ್ಮ ಪರದೆಗೆ ಬರುವುದು ತಡವಾದೀತು, ನಿಜ. ಆದರೆ ಹೊನ್ನಾವರದ ನೆಟ್ಟು ಎಷ್ಟೇ ಹಾಳಾಗಿರಲಿ, ಆ ಕ್ಯೂ ಕಾಲಮ್ಮಿಗೆ ಒಂದು ಮಿಲಿಸೆಕೆಂಡನ್ನೂ ಸೇರಿಸಲಾರದು.

ನಾವಿಬ್ಬರೂ ಆ ಡೈರಿ ತೆಗೆದು ನೋಡಿದೆವು. ಏಳು ನಿಮಿಷದ ಕ್ವೆರಿಯಲ್ಲಿ ಆರು ನಿಮಿಷಕ್ಕೂ ಹೆಚ್ಚು ಬರೀ ಕಾಯುವುದರಲ್ಲೇ ಹೋಗಿತ್ತು.

ಇದು ಹೇಗೆ ಅಂತ ಬೆಂಗಳೂರಿನವರಿಗೆ ಅರ್ಥವಾಗುವುದು ಕಷ್ಟ ಇರಬಹುದು. ಕುಮಟೆಯವರಿಗೆ ಕಷ್ಟವೇ ಇಲ್ಲ, ನಾವು ಕೊಂಕಣ ರೈಲ್ವೆಯವರು! ರೋಹಾದಿಂದ ತೋಕೂರಿನವರೆಗೆ 741 ಕಿ.ಮೀ., 1998ರ ಜನವರಿ 26ರಂದು ಪೂರ್ತಿಯಾಗಿ ಸಂಚಾರಕ್ಕೆ ತೆರೆದುಕೊಂಡ ದಾರಿ. 2021ರಲ್ಲಿ ರೋಹಾ-ವೀರ್ ನಡುವಿನ ತುಂಡು ಜೋಡಿಹಳಿ ಆಯಿತು. ನಮ್ಮ ಭಾಗದಲ್ಲಿ ಹಳಿ ಒಂದೇ. ಎದುರಿನಿಂದ ರೈಲು ಬಂದರೆ ಒಂದು ರೈಲು ಲೂಪ್ ಲೈನಿನಲ್ಲಿ ನಿಲ್ಲಲೇಬೇಕು. "ಕ್ರಾಸಿಂಗು" ಅಂತ ಹೇಳಿ ಶೇಂಗಾ ತಿನ್ನುತ್ತಾ ಕೂತವರು ನಾವೆಲ್ಲ. ಆ ಹೊತ್ತಿನಲ್ಲಿ ಇಂಜಿನ್ನಿನಲ್ಲಿ ದೋಷ ಇರುವುದಿಲ್ಲ, ಡ್ರೈವರು ನಿದ್ದೆ ಮಾಡುತ್ತಿರುವುದಿಲ್ಲ. ದಾರಿ ಖಾಲಿ ಇರುವುದಿಲ್ಲ, ಅಷ್ಟೆ.

ಈಗ ಹೇಳಿ. 2022ರ ಜೂನ್ 20ರಂದು ಈ ಇಡೀ ದಾರಿಯ ವಿದ್ಯುದೀಕರಣವನ್ನು ಲೋಕಾರ್ಪಣೆ ಮಾಡಿದರು. ಒಳ್ಳೆಯದೇ. ಆದರೆ ಡೀಸೆಲ್ ಹೋಗಿ ಕರೆಂಟಿನ ಇಂಜಿನ್ ಬಂದ ಮಾತ್ರಕ್ಕೆ ಕ್ರಾಸಿಂಗು ತಪ್ಪಿತೇ? ಅದಕ್ಕೆ ಬೇಕಾದದ್ದು ರೈಲುಗಳು ಒಂದನ್ನೊಂದು ದಾಟಲು ಇನ್ನಷ್ಟು ಜಾಗ. ನಮ್ಮ ಕುಮಟಾ ತಾಲ್ಲೂಕಿನ ಮಿರ್ಜಾನಿನಲ್ಲಿ, ಉಡುಪಿ ಕಡೆ ಇನ್ನಂಜೆಯಲ್ಲಿ ಕ್ರಾಸಿಂಗ್ ಸ್ಟೇಷನ್ ಮಾಡಿದ್ದು ಅದಕ್ಕೇ. ರೈಲ್ವೆಯವರಿಗೆ ಗೊತ್ತಿರುವ ಈ ಸಂಗತಿ ಕ್ಲೌಡಿನವರಿಗೆ ಗೊತ್ತಿಲ್ಲವೆ?

ಗೊತ್ತಿದೆ. ಸ್ನೋಫ್ಲೇಕಿನಲ್ಲಿ ಒಂದು ವೇರ್‌ಹೌಸು ಒಂದೇ ಕಾಲಕ್ಕೆ ಎಷ್ಟು ಕ್ವೆರಿಗಳನ್ನು ಓಡಿಸಬೇಕು ಅನ್ನುವ ಸೆಟ್ಟಿಂಗು ತಾನಾಗಿ 8 ಇರುತ್ತದೆ. ರೆಡ್‌ಶಿಫ್ಟಿನಲ್ಲಿ ಸರದಿಯನ್ನು ನಾವೇ ನಿಭಾಯಿಸುತ್ತೇವೆ ಅಂದರೆ ಶುರುವಿನ ಸಂಖ್ಯೆ 5. ಸುಮ್ಮನೆ ಲೆಕ್ಕ ಹಾಕಿ: ಒಂಬತ್ತೂವರೆಗೆ ಸರಿಯಾಗಿ 40 ಕ್ವೆರಿ ಒಟ್ಟಿಗೆ ಬಂದವು, ಒಂದೊಂದಕ್ಕೆ 15 ಸೆಕೆಂಡ್ ಕೆಲಸ. ಎಂಟೆಂಟರಂತೆ ಐದು ಸರದಿ. ಕೊನೆಯವನಿಗೆ 75 ಸೆಕೆಂಡ್, ಅದರಲ್ಲಿ 60 ಕಾದದ್ದೇ. ನೀವು ಮೀಡಿಯಂ ಬಿಟ್ಟು ಲಾರ್ಜ್ ತಗೊಂಡಿರಿ ಅನ್ನಿ. ಗಂಟೆಗೆ 4 ಕ್ರೆಡಿಟ್ ಇದ್ದದ್ದು 8 ಆಯಿತು, ಅದೂ ವೇರ್‌ಹೌಸು ಎದ್ದಿರುವಷ್ಟು ಹೊತ್ತೂ. ಸಣ್ಣ ಕ್ವೆರಿ ಅಷ್ಟಕ್ಕೆ ಅರ್ಧ ಹೊತ್ತಿನಲ್ಲಿ ಮುಗಿಯಲೇಬೇಕು ಅಂತೇನೂ ಇಲ್ಲ. ಅದರ ಬದಲು ಅದೇ ಮೀಡಿಯಮ್ಮಿಗೆ ಇನ್ನೊಂದು ಕ್ಲಸ್ಟರ್ ಸೇರಿಸಿದರೆ ಮೂರೇ ಸರದಿ, 45 ಸೆಕೆಂಡ್. ನೂಕುನುಗ್ಗಲು ಮುಗಿದ ಮೇಲೆ ಅದು ತಾನೇ ಮಲಗುತ್ತದೆ, ದುಡ್ಡು ಓಡಿದಷ್ಟಕ್ಕೆ ಮಾತ್ರ. ಇದಕ್ಕೆ ಎಂಟರ್‌ಪ್ರೈಸ್ ಎಡಿಶನ್ ಬೇಕು, ಅದರ ಕ್ರೆಡಿಟ್ಟಿಗೆ ಬೆಲೆ ಜಾಸ್ತಿ. ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

"ಯಂತ್ರದಲ್ಲಿ ಇನ್ನೂ ಹತ್ತು ಪರ್ಸೆಂಟ್ ಖಾಲಿ ಇದೆಯಲ್ಲ, ಕ್ಯೂ ಹೇಗಾಗುತ್ತೆ?" ಅಂತ ಕೇಳುವವರಿದ್ದಾರೆ. ಇದಕ್ಕೆ ಉತ್ತರದ ದಾರಿ ತೋರಿಸಿದ್ದು ಡೆನ್ಮಾರ್ಕಿನ ಎರ್ಲಾಂಗ್ ಎಂಬಾತ, 1909ರಲ್ಲಿ, ಟೆಲಿಫೋನ್ ಕರೆಗಳ ಲೆಕ್ಕ ಹಾಕುತ್ತಾ. ಒಂದೇ ಕಿಟಕಿ, ಜನ ಮನಸ್ಸಿಗೆ ಬಂದ ಹೊತ್ತಿಗೆ ಬರುತ್ತಾರೆ, ಒಬ್ಬೊಬ್ಬರ ಕೆಲಸಕ್ಕೆ ಒಂದೊಂದು ಹೊತ್ತು ಅಂತಿಟ್ಟುಕೊಳ್ಳಿ. ಕಿಟಕಿ ಅರ್ಧ ಹೊತ್ತು ಬ್ಯುಸಿ ಇದ್ದರೆ ಸರಾಸರಿ ಕಾಯುವ ಹೊತ್ತು ಒಬ್ಬರ ಕೆಲಸದ ಹೊತ್ತಿನಷ್ಟೇ. 80 ಪರ್ಸೆಂಟ್ ಆದರೆ ಅದರ ನಾಲ್ಕು ಪಟ್ಟು. 90 ಆದರೆ ಒಂಬತ್ತು ಪಟ್ಟು! ಇಂಜಿನಿಯರಿಂಗಿನಲ್ಲಿ ಇದನ್ನು ಓದಿ ಪಾಸಾಗಿ, ಪರೀಕ್ಷೆ ಮುಗಿದ ದಿನವೇ ಮರೆತವರು ಈಗ ಮ್ಯಾನೇಜರುಗಳು.

ದೊಡ್ಡ ಯಂತ್ರ ಬೇಡವೇ ಬೇಡ ಅಂತಲ್ಲ. ಕ್ವೆರಿ ಕ್ಯೂನಲ್ಲಿ ಕಾಯದೆ, ಓಡುವಾಗಲೇ ಮೆಮೊರಿ ಸಾಲದೆ ಡಿಸ್ಕಿಗೆ, ಅಲ್ಲಿಂದಲೂ ಆಚೆಗಿನ ಸ್ಟೋರೇಜಿಗೆ ಚೆಲ್ಲುತ್ತಿದ್ದರೆ ದೊಡ್ಡದೇ ಬೇಕಾದೀತು. ಆ ಚೆಲ್ಲಾಟಕ್ಕೂ ಡೈರಿಯಲ್ಲಿ ಕಾಲಮ್ಮಿದೆ. ನಾನು ಹೇಳುವುದಿಷ್ಟೆ: ನೋಡಿ, ಆಮೇಲೆ ಕೊಳ್ಳಿ.

ಇನ್ನು ದುಡ್ಡೇ ಬೇಡದ ಕೆಲಸಗಳೂ ಇವೆ. ಎಲ್ಲ ಡ್ಯಾಶ್‌ಬೋರ್ಡುಗಳೂ ಒಂಬತ್ತೂವರೆಗೇ ರಿಫ್ರೆಶ್ ಆಗಬೇಕು ಅಂತ ಯಾವ ಪಂಚಾಂಗದಲ್ಲಿದೆ? ಐದೈದು ನಿಮಿಷ ಹಿಂದೆ ಮುಂದೆ ಮಾಡಿ. ರಾತ್ರಿ ಡೇಟಾ ತುಂಬುವ ಕೆಲಸ ಬೆಳಿಗ್ಗೆಯವರೆಗೆ ಎಳೆಯುತ್ತಿದ್ದರೆ ಅದಕ್ಕೊಂದು ಬೇರೆ ವೇರ್‌ಹೌಸು ಕೊಡಿ, ಗೂಡ್ಸ್ ರೈಲನ್ನು ಪ್ಯಾಸೆಂಜರಿನ ದಾರಿಗೆ ಬಿಡಬೇಡಿ. ಅದೇ ಕ್ವೆರಿ ಅಕ್ಷರಶಃ ಮತ್ತೆ ಬಂದರೆ, ಡೇಟಾ ಬದಲಾಗಿಲ್ಲವಾದರೆ, ಸ್ನೋಫ್ಲೇಕು 24 ಗಂಟೆ ಹಳೇ ಉತ್ತರವನ್ನೇ ಪುಕ್ಕಟೆ ಕೊಡುತ್ತದೆ. ಕ್ವೆರಿಯೊಳಗೆ "ಈಗಿನ ಸಮಯ" ತುರುಕಿ ಆ ಪುಕ್ಕಟೆಯನ್ನೂ ಹಾಳುಮಾಡುವವರೇ ಹೆಚ್ಚು.

ಇದೆಲ್ಲವನ್ನೂ ಒಂದು ಪುಟದಲ್ಲಿ ಬರೆದು ಕಳಿಸಿದೆವು. ಏನಾಯಿತು? ದೊಡ್ಡ ಸೈಜು ಕೊಂಡರು. ಕ್ಯೂ ಸ್ವಲ್ಪ ಇಳಿಯಿತು, ಹೋಗಲಿಲ್ಲ. ಬಿಲ್ಲು ಏರಿತು. ಅವಳು ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗಿ ಪಿಜಿ ಸೇರಿದಳು. ಈಗ ಆಫೀಸಿನ ಫೈಬರ್ ನೆಟ್ಟಿನಲ್ಲಿ ಕೂತು ಕ್ವೆರಿ ಓಡಿಸುತ್ತಾಳೆ. ಸೋಮವಾರದ ರಿಪೋರ್ಟು ಈಗಲೂ ತಡವೇ!! ಈಗ ಮಾತ್ರ ಯಾರೂ ನೆಟ್ಟಿಗೆ ಬೈಯುತ್ತಿಲ್ಲ.

ಭಟ್ಕಳದ ನನ್ನ ಕ್ಲಾಸ್‌ಮೇಟ್ ದುಬೈಯಲ್ಲಿದ್ದಾನೆ. ಅವನಿಗೆ ಹೇಳಿದರೆ ನಕ್ಕ. "ಇಲ್ಲೂ ಇದೇ ಮಾರಾಯಾ, ಇಲ್ಲಿ ಇಂಡಿಯಾ ಟೀಮಿಗೆ ಬೈತಾರೆ" ಅಂದ. ಅಂದರೆ ದೂರ ಇರುವವನ ಮೇಲೆ ತಪ್ಪು ಹೊರಿಸುವುದು ಎಲ್ಲೆಡೆ ಸಲೀಸು. ಎರಡು ಕಾಲಮ್ಮು ತೆರೆದು ನೋಡಲು ಎರಡು ನಿಮಿಷ ಸಾಕು. ಆ ಎರಡು ನಿಮಿಷ ಕೊಡದವರಿಗೆ ಒಬ್ಬರ ಮನೆ ಬಿಡಿಸುವ ಹಕ್ಕಿಲ್ಲ ಅಂತ ನನ್ನ ವಾದ.

ನಿಮ್ಮ ಆಫೀಸಿನಲ್ಲಿ ಮುಂದಿನ ಸಲ ಯಾರಾದರೂ "ಊರಿನ ನೆಟ್ಟು ಸ್ಲೋ" ಅಂದರೆ, ಕಾದದ್ದೆಷ್ಟು ದುಡಿದದ್ದೆಷ್ಟು ಅಂತ ಒಂದೇ ಪ್ರಶ್ನೆ ಕೇಳಿ. ಏನು ಉತ್ತರ ಬಂತು ಅಂತ ನನಗೂ ಬರೆದು ತಿಳಿಸಿ.