ಹಾಸ್ಯ ನಾಟಕದ ಸಾಬಿ

ವಿಜಯನಗರದ ಹವ್ಯಾಸಿ ತಂಡವೊಂದು ಹಾಸ್ಯ ನಾಟಕಕ್ಕೆ ನಟರನ್ನು ಆರಿಸುತ್ತಿದೆಯೆಂದು ಕೇಳಿ ನಮ್ಮ ಪಾದರಾಯನಪುರದ ಹುಡುಗನೊಬ್ಬ ಹೋದ. ಕನ್ನಡ ಶಾಲೆಯಲ್ಲಿ ಓದಿದವನು. ಕೊಟ್ಟ ಮಾತನ್ನು ತಡವರಿಸದೆ ಒಪ್ಪಿಸಿದ. ಹೆಸರು ಕೇಳಿದರು, ಹೇಳಿದ. ‘ಹಾಗಾದರೆ ಸಾಬಿಯ ಪಾತ್ರ ನಿನಗೇ. ಸ್ವಲ್ಪ ನಮ್ದೂಕೆ ನಿಮ್ದೂಕೆ ಅಂತ ಮಾತಾಡು’ ಎಂದರು. ಆತ ಪಾತ್ರ ಬಿಟ್ಟ, ತಂಡ ಬಿಡಲಿಲ್ಲ. ಪ್ರದರ್ಶನದ ದಿನ ಕುರ್ಚಿ ಜೋಡಿಸಿದ, ಪರದೆ ಎಳೆದ. ಬೇರೊಬ್ಬ ಆಡಿದ ಆ ಸಾಬಿಗೆ ಜನ ನಕ್ಕದ್ದನ್ನು ಪರದೆಯ ಮರೆಯಲ್ಲಿ ನಿಂತು ಕೇಳಿದ.

ನಗುವಿನ ಬಗ್ಗೆ ನಮ್ಮ ತಕರಾರಿಲ್ಲ. ಕೈಲಾಸಂ ತಮ್ಮ ಸುತ್ತಲಿನ ಮನೆಗಳ ಇಂಗ್ಲಿಷ್ ಬೆರೆತ ಕನ್ನಡವನ್ನೇ ರಂಗಕ್ಕೆ ತಂದು ನಗಿಸಿದರು. ಅಲ್ಲಿ ಮಾತಿನ ಹಿಂದೆ ಮನುಷ್ಯರಿದ್ದರು. ಇಲ್ಲಿರುವುದು ಟೋಪಿ, ಲುಂಗಿ, ಮುರುಕು ಕನ್ನಡ, ಅಷ್ಟೇ. ಚಂದ್ರಕಲಾ ನಾಟಕ ಮಂಡಳಿಯನ್ನು ನಡೆಸಿದ ಮಹಮ್ಮದ್ ಪೀರ್ ಕನ್ನಡ ರಂಗದ ಹೆಸರಾಂತ ನಾಯಕನಟರು. ಆ ಮಂಡಳಿಯ ‘ಸಂಸಾರ ನೌಕ’ 1936ರಲ್ಲಿ ಚಲನಚಿತ್ರವೂ ಆಯಿತು. ಮುರುಕು ಕನ್ನಡದಲ್ಲಿ ಅದೆಲ್ಲ ನಡೆದೀತೇ?

ನಮ್ಮ ಹಿರಿಯರಿಗೂ ಒಂದು ಮಾತಿದೆ. ನಾಟಕ ನಮಗಲ್ಲವೆಂದು ಮಕ್ಕಳನ್ನು ತಡೆದರೆ ನಮ್ಮ ಪಾತ್ರವನ್ನು ಬರೆಯುವವರೂ ಆಡುವವರೂ ಬೇರೆಯವರೇ ಆಗುತ್ತಾರೆ. ಆಮೇಲೆ ಗೊಣಗಿ ಫಲವೇನು? ಆ ಹುಡುಗ ಮುಂದಿನ ಆಯ್ಕೆಗೂ ಹೋಗುತ್ತಾನಂತೆ. ಈ ಸಲ ಬಾಡಿಗೆ ಮನೆಯ ಮಾಲೀಕನ ಪಾತ್ರ ಕೇಳುತ್ತಾನಂತೆ.