ಕಿಟಕಿ ಮುಚ್ಚಿ ಗೀಸರಿಗೆ ಬೈಯಬೇಡಿ

ಗ್ಯಾಸ್ ಗೀಸರ್ ಸ್ನಾನದ ಮಧ್ಯೆ ಆರಿಹೋದರೆ ನಮ್ಮವರು ಮಾಡುವುದು ಎರಡೇ ಕೆಲಸ. ಸೆಲ್ ಬದಲಾಯಿಸುವುದು, ಕಂಪನಿಗೆ ಬೈಯುವುದು. ಗಾಳಿಗೆ ಆರಿತೆಂದು ಕಿಟಕಿ ಮುಚ್ಚುವ ಮಹಾಶಯರೂ ಇದ್ದಾರೆ. ಒಂದು ಕಾಲಕ್ಕೆ ನಾನೂ ಅವರ ಪೈಕಿಯೇ. ಆದ್ದರಿಂದ ಈ ಜಗಳ ತೆಗೆಯಲು ನನಗೆ ಹಕ್ಕಿದೆ.

ಬ್ಯಾಂಕಿನ ವರ್ಗಾವಣೆ ನನ್ನನ್ನು ಅಹಮದಾಬಾದ್, ವಡೋದರಾ, ಸೂರತ್ ಮೂರೂ ಊರು ಸುತ್ತಿಸಿತು. ಅಲ್ಲಿ ಗ್ಯಾಸು ನಲ್ಲಿ ನೀರಿನಂತೆ ಕೊಳವೆಯಲ್ಲಿ ಮನೆಗೇ ಬರುತ್ತದೆ. ವಡೋದರಾದಲ್ಲಂತೂ 1970ರ ದಶಕದಿಂದಲೇ. ಸಿಲಿಂಡರಿಗೆ ಕಾದು ಅಭ್ಯಾಸವಾಗಿದ್ದ ನಮಗೆ ಅದು ಸ್ವರ್ಗ.

ಸೂರತ್ತಿನ ಬಾಡಿಗೆ ಮನೆಯಲ್ಲಿ ಒಂದು ಜನವರಿ, ಚಳಿಯೆಂದು ಬಚ್ಚಲಿನ ಕಿಟಕಿಗೆ ರಟ್ಟು ಬಡಿದೆ. ಮರುದಿನದಿಂದ ಗೀಸರ್ ಹತ್ತು ನಿಮಿಷಕ್ಕೇ ಆರತೊಡಗಿತು. ಹೊಸ ಸೆಲ್ ಹಾಕಿದರೂ ಅದೇ ಕಥೆ. ನನ್ನಾಕೆ "ತಲೆ ಸುತ್ತತ್ತೆ ಕಣ್ರೀ" ಎಂದಾಗ ಬಿ.ಪಿ. ಇರಬೇಕು ಅಂದುಕೊಂಡೆ. ರಿಪೇರಿಗೆ ಬಂದ ಹುಡುಗ ಗೀಸರ್ ಬಿಚ್ಚಲೇ ಇಲ್ಲ. ಮೇಲೆ ನೋಡಿ, "ಸಾಹೇಬ್, ಬಾರಿ ಖೋಲೋ" ಅಂದ. ಗುಜರಾತಿಯಲ್ಲಿ ಬಾರಿ ಎಂದರೆ ಕಿಟಕಿ. ಎಂ.ಕಾಂ. ಓದಿದವನಿಗೆ ಅಷ್ಟೂ ಹೊಳೆದಿರಲಿಲ್ಲ.

ಅವನು ಹೇಳಿಕೊಟ್ಟ ಲೆಕ್ಕ ಸರಳ. ನಲ್ಲಿ ತಿರುಗಿಸಿದಾಗ ಟಿಕ್‌ ಟಿಕ್ ಸದ್ದೇ ಇಲ್ಲವೇ? ಸೆಲ್ ಮುಗಿದಿದೆ, ಇಲ್ಲವೇ ನೀರಿನ ಒತ್ತಡ ಸಾಲದು. ನೀರು ಒಳಬರುವಲ್ಲಿನ ಜಾಲರಿ ತೊಳೆಯಿರಿ. ಸದ್ದಿದ್ದೂ ಹತ್ತಲಿಲ್ಲವೇ? ಗ್ಯಾಸ್ ಬರುತ್ತಿದೆಯೇ ನೋಡಿ. ಹತ್ತಿದ ಕೂಡಲೇ ಆರಿತೇ? ಸೆಲ್ ಸೋತಿರಬಹುದು, ಅಥವಾ ಉರಿ ಗುರುತಿಸುವ ಕಡ್ಡಿಗೆ ಮಸಿ ಹಿಡಿದಿರಬಹುದು. ಕೆಲವು ಗೀಸರುಗಳು 20 ನಿಮಿಷಕ್ಕೆ ತಾವೇ ನಿಲ್ಲುತ್ತವೆ. ಅದಕ್ಕೆ ಮೊದಲೇ ಆರಿದರೆ ಗಾಳಿಯ ವಿಚಾರ ಮಾಡಿ. ಉರಿ ನೀಲಿ ಹೋಗಿ ಹಳದಿಯಾಯಿತೋ, ಬಂದ್ ಮಾಡಿ ಹೊರಗೆ ಬನ್ನಿ. ಗಾಳಿ ಸಾಲದೆ ಉರಿದ ಗ್ಯಾಸಿನಿಂದ ಹುಟ್ಟುವುದು ಕಾರ್ಬನ್ ಮಾನಾಕ್ಸೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಎಲ್ಲ ಗೀಸರೂ ಆರಿ ಎಚ್ಚರಿಸುತ್ತದೆಂಬ ಭರವಸೆಯೂ ಇಲ್ಲ.

ನಿವೃತ್ತನಾಗಿ ಮೈಸೂರಿಗೆ ಬರುವಾಗ ಆ ಗೀಸರನ್ನೂ ಹೊತ್ತು ತಂದೆ. ಇಲ್ಲಿನ ಮೆಕ್ಯಾನಿಕ್, "ಸಿಲಿಂಡರಿಗೇ ಹಾಕೋಣ ಬಿಡಿ ಸಾರ್, ಅಡ್ಜಸ್ಟ್ ಆಗತ್ತೆ" ಎಂದ. ಏನು ಅಡ್ಜಸ್ಟ್ ಸ್ವಾಮಿ? ಕೊಳವೆ ಗ್ಯಾಸಿನ ಗೀಸರಿನ ಜೆಟ್ ತೂತು ದೊಡ್ಡದು; ಅದರಲ್ಲಿ ಎಲ್‌ಪಿಜಿ ಬಿಟ್ಟರೆ ಅಳತೆ ಮೀರಿ ಉರಿದು ಮಸಿ ಕಾರುತ್ತದೆ. ಸಾಲದ್ದಕ್ಕೆ ಸಿಲಿಂಡರನ್ನೂ ಬಚ್ಚಲೊಳಗೇ ಇಡುತ್ತಾನಂತೆ! ಗೀಸರನ್ನು ಗುಜರಿಗೆ ಹಾಕಿದೆ. ನೆರೆಮನೆಯವರು ಜಿಪುಣ ದುಂದುಗಾರನಾದ ಎಂದು ನಕ್ಕರು. 2025ರ ಅಕ್ಟೋಬರಿನಲ್ಲಿ ಪಿರಿಯಾಪಟ್ಟಣದಲ್ಲಿ ಸ್ನಾನಕ್ಕೆ ಹೋದ ಅಕ್ಕತಂಗಿ ಇಬ್ಬರು ಗೀಸರಿನ ವಿಷಾನಿಲಕ್ಕೆ ಸತ್ತರು. ಆಮೇಲೆ ಯಾರೂ ನಗಲಿಲ್ಲ.

ನಮ್ಮ ಅಜ್ಜಿ ಕಾಲದ ಬಚ್ಚಲಲ್ಲಿ ಹಂಡೆ ಒಲೆಯ ಹೊಗೆ ಹೋಗಲು ಗೋಡೆಯಲ್ಲಿ ಕಿಂಡಿ ಇರುತ್ತಿತ್ತು. ಹೊಗೆ ಕಣ್ಣುರಿಸುತ್ತಿತ್ತು, ಅದಕ್ಕೇ ಬುದ್ಧಿ ಓಡುತ್ತಿತ್ತು. ಈಗಿನದು ಕಣ್ಣಿಗೆ ಕಾಣದು, ನಾವು ಕಿಂಡಿಯನ್ನೇ ಮರೆತೆವು. ಗ್ಯಾಸ್ ಗೀಸರ್ ಇರಬೇಕಾದ್ದು ಬಚ್ಚಲಿನ ಹೊರಗೆ, ಹೊಗೆ ಹೊರಹೋಗುವ ಕೊಳವೆಯೊಂದಿಗೆ. ಅಷ್ಟು ಖರ್ಚು ಬೇಡವೆನ್ನುವವರು ಗ್ಯಾಸ್ ಗೀಸರನ್ನೇ ಬಿಡಿ. ಒಳಗಿರುವುದನ್ನು ಹೊರಗೆ ಹಾಕಿಸುವ ತನಕ, ತೆರೆದ ಕಿಟಕಿಯಿಲ್ಲದೆ ಅದನ್ನು ಹೊತ್ತಿಸಲೇಬೇಡಿ.